ನೆನಪಿನ ತೋಟದಲ್ಲಿ ಮಕ್ಕಳ ಕೈಗೆ ಕೆಲಸ ಇರಲಿ

ಶಿವಮೊಗ್ಗದಲ್ಲಿ ಪಾರ್ಕುಗಳಿಗೆ ಗಿಡ ಹಾಕಿಸುವುದು, ಕಾಲುದಾರಿ ಮಾಡಿಸುವುದು ನನ್ನ ಕೆಲಸ. ಕಾಯಿಲೆಯಿಂದ ತೀರಿಕೊಂಡ ಪುಟ್ಟ ಹುಡುಗಿಯೊಬ್ಬಳ ನೆನಪಿಗೆ ಬಡಾವಣೆಯ ಪಾರ್ಕಿನಲ್ಲಿ ಮಕ್ಕಳ ತೋಟ ಮಾಡಿಕೊಡಿ ಎಂದು ಅವಳ ಮನೆಯವರು ಕೇಳಿದ್ದರು. ಹಿರಿಯರ ಮನಸ್ಸಿನಲ್ಲಿ ಇದ್ದದ್ದು ಗ್ರಾನೈಟ್ ಕಲ್ಲು, ಸುತ್ತ ಕಬ್ಬಿಣದ ಬೇಲಿ. ತಾಯಿ ಮಾತ್ರ, "ಗಿಡ ಕಂಡರೆ ಮುಟ್ಟದೆ ಬಿಡ್ತಿರಲಿಲ್ಲ ಅಣ್ಣಾ ಅವಳು" ಅಂದರು. ನಾನು ಆ ಮಾತನ್ನೇ ಹಿಡಿದುಕೊಂಡೆ. ಬೇಲಿ ಬೇಡ ಅಂದೆ.

ಹಿರಿಯರನ್ನು ಒಪ್ಪಿಸಲು ಹಿರೋಷಿಮಾದ ಶಾಂತಿ ಪಾರ್ಕಿನಲ್ಲಿರುವ ಮಕ್ಕಳ ಸ್ಮಾರಕದ ವಿಷಯ ಹೇಳಿದೆ. ಅಣುಬಾಂಬ್ ಬಿದ್ದಾಗ ಸಡಾಕೊ ಸಸಾಕಿ ಎಂಬ ಅಲ್ಲಿನ ಹುಡುಗಿಗೆ 2 ವರ್ಷ. 12ನೇ ವಯಸ್ಸಿನಲ್ಲಿ, 1955ರಲ್ಲಿ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆ ಮಡಚುತ್ತಿದ್ದಳು. ಜೊತೆಗೆ ಓದಿದ ಮಕ್ಕಳೇ ಮುಂದೆ ನಿಂತು ದುಡ್ಡು ಕೂಡಿಸಿದರು, 1958ರಲ್ಲಿ ಸ್ಮಾರಕ ಆಯಿತು. ಅಲ್ಲಿಗೆ ಹೋಗುವ ಮಕ್ಕಳು ಸುಮ್ನೆ ನೋಡಿ ಬರುವುದಿಲ್ಲ. ತಾವು ಮಡಚಿದ ಕೊಕ್ಕರೆಗಳನ್ನು ಅಲ್ಲಿಡುತ್ತಾರೆ, ಗಂಟೆ ಬಾರಿಸುತ್ತಾರೆ.

ನಮ್ಮ ತೋಟದಲ್ಲೂ ಒಂದು ಗಂಟೆ ಇದೆ. ಐದು ವರ್ಷದ ಮಗುವಿಗೂ ಸಿಗುವಷ್ಟು ಕೆಳಗೆ ಹಗ್ಗ ಬಿಟ್ಟಿದ್ದೇವೆ. ಪುಟ್ಟ ಕೈಪಂಪು ಒತ್ತಿದರೆ ಕಲ್ಲಿನ ಕಾಲುವೆಯಲ್ಲಿ ನೀರು ಹರಿದು ಗಿಡಕ್ಕೆ ಹೋಗುತ್ತದೆ. ನೀರು ಎಲ್ಲೂ ನಿಲ್ಲದಂತೆ ಇಳಿಜಾರು ಕೊಟ್ಟಿದ್ದೇವೆ, ನಿಂತರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ.

ಜಾಸ್ತಿ ತಲೆ ಕೆಡಿಸಿಕೊಂಡದ್ದು ಗಿಡಗಳ ಬಗ್ಗೆ. ಮಕ್ಕಳು ಮುಟ್ಟುತ್ತಾರೆ, ಕಿತ್ತು ಮೂಸುತ್ತಾರೆ, ಬಾಯಿಗೂ ಹಾಕುತ್ತಾರೆ. ಮಳೆಗಾಲದಲ್ಲಿ ಅರಳುವ ಗೌರಿ ಹೂವನ್ನು ಅಜ್ಜಿಯೊಬ್ಬರು ಆಸೆಯಿಂದ ಕೇಳಿದರು. ಚಂದದ ಹೂವು, ನಿಜ. ಆದರೆ ಅದರ ಗೆಡ್ಡೆ ಜೀವ ತೆಗೆಯುವಷ್ಟು ವಿಷ. ಪಾರ್ಕುಗಳಲ್ಲಿ ಕಣ್ಣುಮುಚ್ಚಿ ಹಾಕುವ ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷವೇ. ಗುಲಗಂಜಿಯ ಕೆಂಪು ಬೀಜವನ್ನಂತೂ ಮಕ್ಕಳು ಆರಿಸದೆ ಬಿಡುವುದಿಲ್ಲ. ಇವು ಮೂರನ್ನೂ ಬಿಟ್ಟೆವು. ದೊಡ್ಡಪತ್ರೆ, ಕಾಮಕಸ್ತೂರಿ, ಮಜ್ಜಿಗೆಹುಲ್ಲು ಹಾಕಿದೆವು, ಉಜ್ಜಿದರೆ ಕೈಗೆ ವಾಸನೆ ಬರುತ್ತದೆ. ಮುಟ್ಟಿದರೆ ಮುನಿ ಬೇಕೇ ಬೇಕಲ್ವಾ? ಅದಕ್ಕೆ ಮುಳ್ಳಿದೆ, ಬಿಟ್ಟರೆ ಎಲ್ಲ ಕಡೆ ಹಬ್ಬುತ್ತದೆ. ಹಾಗಾಗಿ ಎತ್ತರದ ತೊಟ್ಟಿಯಲ್ಲಿ ಇಟ್ಟೆವು. ಎಲೆಯ ಬುಡದ ಜೀವಕೋಶಗಳಿಂದ ನೀರು ಸರಿದಾಗ ಅದು ಮಡಚಿಕೊಳ್ಳುತ್ತದೆ ಎಂದು ಮಕ್ಕಳಿಗೆ ಹೇಳಿದರೆ, ನಂಬದೆ ಮತ್ತೆ ಮತ್ತೆ ಮುಟ್ಟಿ ನೋಡುತ್ತಾರೆ.

ಹುಡುಗಿಯ ಹೆಸರಿನ ಕಲ್ಲು ಮಕ್ಕಳ ಕಣ್ಣಿನ ಎತ್ತರಕ್ಕೆ, ಕೈಪಂಪಿನ ಪಕ್ಕದಲ್ಲಿದೆ. ಅಂಗನವಾಡಿ ಮಕ್ಕಳು ಬಂದ ದಿನ ನಾನು ಅಲ್ಲೇ ಇದ್ದೆ. ನೀರು ಹೊಡೆದು ಸುಸ್ತಾದ ಮೇಲೆಯೇ ಒಬ್ಬ, "ಇದು ಯಾರ ಹೆಸರು ಟೀಚರ್?" ಎಂದು ಕೇಳಿದ. ಟೀಚರ್ ನಿಜ ಹೇಳಿದರು. ಅವನು ಹೋಗಿ ಇನ್ನೊಮ್ಮೆ ಗಂಟೆ ಹೊಡೆದ.

ಇಂಥ ತೋಟ ಮಾಡಿಸುವವರಿಗೆ ಒಂದು ಮಾತು. ನಮ್ಮ ಮಳೆಗೆ ಕಾಲುದಾರಿಯ ಜಂಬಿಟ್ಟಿಗೆ, ಅಂದರೆ ಕೆಂಪು ಕಲ್ಲಿನ ಮೇಲೆ ಬೇಗ ಪಾಚಿ ಹಿಡಿದು ಮಕ್ಕಳು ಜಾರುತ್ತಾರೆ. ಮಳೆಗಾಲ ಮುಗಿಯುವವರೆಗೂ ಆಗಾಗ ಉಜ್ಜಿಸಬೇಕು. ಆ ಕೂಲಿಯನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿ.