ಮೂಗುಪಟ್ಟಿ ಬಿಗಿ ಮಾಡಿದ್ದು ನಾನೇ

ಬೆಂಗಳೂರಿನ ಹೊರವಲಯದ ಒಂದು ರೈಡಿಂಗ್ ಸ್ಕೂಲಿನಲ್ಲಿ ಕುದುರೆ ಸವಾರಿ ಹೇಳಿಕೊಡುವುದು ನನ್ನ ಕೆಲಸ. ನಮ್ಮ ಲಾಯದಲ್ಲಿರುವ ಕುದುರೆಗಳಲ್ಲಿ ಜಾಸ್ತಿ ರೇಸ್ ಮುಗಿಸಿ ಬಂದವೇ. ಅವುಗಳಲ್ಲಿ ಒಂದು ಕಂದು ಹೆಣ್ಣು ಕುದುರೆ ಬಹಳ ಸಮಾಧಾನಿ. ಮೊದಲ ಸಲ ಹತ್ತುವ ಮಕ್ಕಳನ್ನೂ ಧೈರ್ಯವಾಗಿ ಅದರ ಮೇಲೆ ಕೂರಿಸುತ್ತಿದ್ದೆ.

ಒಂದು ವರ್ಷ ಜಂಪಿಂಗ್ ಸ್ಪರ್ಧೆಗೆ ಎರಡು ತಿಂಗಳು ಇರುವಾಗ ಅದರ ವರಸೆ ಬದಲಾಯಿತು. ಬಾಯಿ ತೆರೆಯುವುದು, ತಲೆ ಕೊಡವುವುದು, ಬಾಲ ಬೀಸುವುದು, ಅಡ್ಡಗಂಬದ ಹತ್ತಿರ ಬಂದು ಪಕ್ಕಕ್ಕೆ ಹೊರಳುವುದು. ‘ಸೊಕ್ಕು ಬಂದಿದೆ ಇದಕ್ಕೆ’ ಅಂದೆ. ಮೂಗಿನ ಸುತ್ತ ಕಟ್ಟುವ ಮೂಗುಪಟ್ಟಿಯನ್ನು ಎರಡು ತೂತು ಬಿಗಿ ಮಾಡಿದೆ. ಬಾಯಿ ಮುಚ್ಚಿತು. ನೋಡುವುದಕ್ಕೆ ಚೆಂದ ಕಾಣುತ್ತಿತ್ತು. ಮಾಲೀಕರಿಗೂ ಖುಷಿ.

ಮೂಗುಪಟ್ಟಿಯ ಅಡಿಯಲ್ಲಿ ಎರಡು ಬೆರಳು ತೂರಬೇಕು ಅನ್ನುವುದು ಹಳೇ ಪಾಠ. ನಾನೂ ತೂರಿಸಿ ನೋಡಿದ್ದೆ, ಆದರೆ ಕೆನ್ನೆಯ ಬದಿಯಲ್ಲಿ. ಅಲ್ಲಿ ಮೆತ್ತಗಿರುತ್ತದೆ, ಎಷ್ಟು ಬಿಗಿದರೂ ಬೆರಳು ಹೋಗುತ್ತದೆ. ನೋಡಬೇಕಾದ್ದು ಮೂಗಿನ ಮೂಳೆಯ ಮೇಲೆ. ಅಂತಾರಾಷ್ಟ್ರೀಯ ಕುದುರೆ ಸವಾರಿ ಸಂಸ್ಥೆಯಾದ ಎಫ್‌ಇಐ 2025ರಲ್ಲಿ ಇದಕ್ಕೆಂದೇ ಒಂದು ಅಳತೆ ಸಾಧನ ತಂದಿತು. ಅದರಲ್ಲೂ ಅಳೆಯುವುದು ಮೂಳೆಯ ಮೇಲೆಯೇ. ನನ್ನ ಬೆರಳು ಸಣ್ಣ, ನಿಮ್ಮದು ದಪ್ಪ ಇರಬಹುದು, ಹಾಗಾಗಿ ಬೆರಳಿನ ಲೆಕ್ಕ ನಂಬುವ ಹಾಗಿಲ್ಲ ಅಲ್ವಾ?

ನಮ್ಮ ಸಾಯಿಸ್ ಅಣ್ಣ ಮಿತಭಾಷಿ. ಕುದುರೆ ನೋಡಿಕೊಳ್ಳುವುದರಲ್ಲಿ ಮೂವತ್ತು ವರ್ಷ ಕಳೆದವರು. ಒಂದು ದಿನ ಕ್ಲಾಸ್ ಮುಗಿದ ಮೇಲೆ, ಜೀನು ಬಿಚ್ಚಿದವರು ನನ್ನನ್ನು ಕರೆದರು.

‘ಮೇಡಂ, ಬೆನ್ನು ನೋಡಿ ಇಲ್ಲಿ.’

ಬೆನ್ನೆಲ್ಲ ಬೆವರಿನಿಂದ ತೊಯ್ದು ಕಪ್ಪಾಗಿತ್ತು. ಕತ್ತು, ಬೆನ್ನು ಸೇರುವಲ್ಲಿ ಉಬ್ಬಿರುವ ಹೆಗಲ ಏಣಿನ ಎರಡೂ ಪಕ್ಕದಲ್ಲಿ ಮಾತ್ರ ಅಂಗೈಯಗಲ ಒಣಗಿದ ಜಾಗ. ಅಲ್ಲಿ ಒತ್ತಡ ಎಷ್ಟಿತ್ತು ಅಂದರೆ ಬೆವರೂ ಬಂದಿರಲಿಲ್ಲ. ಅಣ್ಣ ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿದರು. ಕುದುರೆಯ ಚರ್ಮ ನಡುಗಿತು, ಬೆನ್ನು ಕುಸಿಯಿತು, ಕಿವಿ ಹಿಂದಕ್ಕೆ ಹೋಯಿತು.

‘ಇದು ಮೊಂಡಲ್ಲ ಮೇಡಂ. ಜೀನು ತರೋದು ಕಂಡ್ರೇ ಮುಖ ತಿರುಗಿಸ್ತದೆ. ಒಂದು ತಿಂಗಳಾಯ್ತು.’

‘ಮೊದಲೇ ಹೇಳಬಾರದಿತ್ತಾ ಅಣ್ಣ?’

‘ನೀವು ಕೇಳಲಿಲ್ಲ.’

ಆಗಿದ್ದು ಇಷ್ಟು. ರೇಸ್ ಬಿಟ್ಟು ಬಂದ ಕುದುರೆ ಸರಿಯಾಗಿ ಮೇಯುತ್ತಾ, ಬೇರೆ ಥರದ ಕೆಲಸ ಮಾಡುತ್ತಾ ಬೆನ್ನಿನ ಮಾಂಸಖಂಡ ಬೆಳೆಸಿಕೊಂಡಿತ್ತು. ಜೀನು ಮಾತ್ರ ಅದೇ ಹಳೆಯದು. ಒಳಗಿನ ಚೌಕಟ್ಟು ಈಗ ಇಕ್ಕಟ್ಟು. ನಾನೇನು ಮಾಡಿದ್ದೆ ಗೊತ್ತಾ? ಮೆತ್ತಗಿರಲಿ ಅಂತ ಕೆಳಗೆ ಇನ್ನೊಂದು ಪ್ಯಾಡ್ ಸೇರಿಸಿದ್ದೆ! ಬಿಗಿಯಾದ ಶೂಗೆ ಎರಡು ಸಾಕ್ಸ್ ಹಾಕಿಕೊಂಡ ಹಾಗೆ.

ಡಾಕ್ಟರ್ ಬಂದರು, ಆರು ವಾರ ಯಾರೂ ಹತ್ತಬಾರದು ಅಂದರು. ಸ್ಪರ್ಧೆ ಕೈಬಿಟ್ಟೆವು. ಮಾಲೀಕರಿಂದ ಬೈಗುಳ, ಒಬ್ಬ ಹುಡುಗಿಯ ಅಪ್ಪನಿಂದ ಉದ್ದುದ್ದ ವಾಟ್ಸಾಪ್ ಮೆಸೇಜು. ಅದು ಬಿಡಿ.

ಇಂಗ್ಲೆಂಡಿನ ಪಶುವೈದ್ಯೆ ಸೂ ಡೈಸನ್ ಸವಾರಿಯ ಹೊತ್ತಿನಲ್ಲಿ ನೋವನ್ನು ಗುರುತಿಸಲು 24 ವರ್ತನೆಗಳ ಪಟ್ಟಿ ಮಾಡಿದ್ದಾರೆ. ಎಂಟು ಅಥವಾ ಜಾಸ್ತಿ ಕಂಡರೆ ಮೈಯಲ್ಲಿ ಎಲ್ಲೋ ನೋವಿರಬಹುದು ಅಂತ ಲೆಕ್ಕ. ಆರು ವಾರ ಬಿಡುವಿದ್ದಾಗ ಓದಿದೆ. ಬಾಯಿ ತೆರೆಯುವುದು, ಬಾಲ ಬೀಸುವುದು, ಕಿವಿ ಹಿಂದಕ್ಕಿಡುವುದು ಎಲ್ಲವೂ ಅದರಲ್ಲಿವೆ. ನಾನು ಮೂಗುಪಟ್ಟಿ ಬಿಗಿದು ಮುಚ್ಚಿದ್ದು ಅವುಗಳಲ್ಲಿ ಒಂದನ್ನು.

2021ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಮಾಡರ್ನ್ ಪೆಂಟಾಥ್ಲಾನಿನಲ್ಲಿ (ಸವಾರಿಯೂ ಸೇರಿ ಐದು ಆಟಗಳ ಸ್ಪರ್ಧೆ) ಸೇಂಟ್ ಬಾಯ್ ಅನ್ನುವ ಕುದುರೆ ಹಾರಲು ಒಪ್ಪಲಿಲ್ಲ. ಸವಾರಳು ಮೇಲೆ ಕೂತು ಅಳುತ್ತಿದ್ದರೆ ಜರ್ಮನ್ ಕೋಚ್ ಕುದುರೆಗೆ ಗುದ್ದಿದ್ದನ್ನು ಜಗತ್ತೇ ನೋಡಿತು. ಆ ಆಟದಲ್ಲಿ ಗೊತ್ತಿಲ್ಲದ ಕುದುರೆಯ ಜೊತೆ ಸವಾರನಿಗೆ ಸಿಗುತ್ತಿದ್ದದ್ದು 20 ನಿಮಿಷ. 2024ರ ಪ್ಯಾರಿಸ್ ಆದ ಮೇಲೆ ಸವಾರಿಯನ್ನೇ ಅದರಿಂದ ತೆಗೆದರು. ಆ ವಿಡಿಯೋ ನೋಡಿ ನಾವೆಲ್ಲ ಛೀ ಅಂದಿದ್ದೆವು. ಆದರೆ ನಮ್ಮ ಸ್ಕೂಲಿನ ಕುದುರೆಗೆ ಮುಕ್ಕಾಲು ಗಂಟೆಗೊಬ್ಬ ಹೊಸ ಸವಾರ. ಒಬ್ಬ ಲಗಾಮು ಹಿಡಿದು ಜೋತುಬೀಳುತ್ತಾನೆ, ಇನ್ನೊಬ್ಬ ಧೊಪ್ಪನೆ ಕೂರುತ್ತಾನೆ. ಅವರಿಗೆ ಪರಿಚಯಕ್ಕೆ ಎರಡು ನಿಮಿಷವನ್ನೂ ಕೊಡುತ್ತಿರಲಿಲ್ಲ ನಾನು.

ಈಗ ಕ್ಲಾಸಿನ ಮೊದಲ ಹತ್ತು ನಿಮಿಷ ಯಾರೂ ಹತ್ತುವುದಿಲ್ಲ. ಬ್ರಷ್ ಹಿಡಿದು ಮೈ ಉಜ್ಜಬೇಕು, ಬೆನ್ನು ಮುಟ್ಟಿ ನೋಡಬೇಕು. ಒಂದು ಕುದುರೆಗೆ ದಿನಕ್ಕೆ ಎರಡೇ ಕ್ಲಾಸ್. ಇನ್ನು ತೂಕ. ಜೀನೂ ಸೇರಿ ಕುದುರೆಯ ತೂಕದ 20%ಗಿಂತ ಜಾಸ್ತಿ ಬೇಡ ಅನ್ನುವ ರೂಢಿಯನ್ನು ಇಟ್ಟುಕೊಂಡಿದ್ದೇವೆ. 450 ಕಿಲೋ ಕುದುರೆಗೆ 90 ಕಿಲೋ. ವೀಕೆಂಡಿಗೆ ಬರುವ ಐಟಿ ಮಂದಿಯನ್ನು ತಕ್ಕಡಿ ಮೇಲೆ ನಿಲ್ಲಿ ಅನ್ನುವುದಿದೆಯಲ್ಲ, ಇಷ್ಟು ಮುಜುಗರದ ಕೆಲಸ ಇನ್ನೊಂದಿಲ್ಲ. ‘ಬೂಟಿನ ತೂಕ ಮೇಡಂ’ ಅನ್ನುತ್ತಾರೆ.

ಆ ಕುದುರೆ ಈಗ ಚೆನ್ನಾಗಿದೆ. ಒತ್ತಿದ ಜಾಗದಲ್ಲಿ ಬಿಳಿ ಕೂದಲು ಬಂದಿದೆ, ಹಾಗೇ ಉಳಿದಿದೆ. ಹೋದ ವಾರ ಹೊಟ್ಟೆಪಟ್ಟಿ ಕಟ್ಟುವಾಗ ಕಿವಿ ಹಿಂದಕ್ಕಿಟ್ಟು ತಿರುಗಿ ನೋಡಿತು. ಹತ್ತುವ ಹುಡುಗ ಹೆಲ್ಮೆಟ್ ಹಾಕಿಕೊಂಡು ಕಾಯುತ್ತಿದ್ದ. ಎಲ್ಲ ಬಿಚ್ಚಿದೆ. ಪ್ಯಾಡಿನ ಅಡಿಯಲ್ಲಿ ಕೈಯಾಡಿಸಿದರೆ ಬೆರಳಿಗೆ ಚುಚ್ಚಿದ್ದು ನಾಲ್ಕು ಉತ್ತರಾಣಿ ಕಾಳು. ಸಾಯಿಸ್ ಅಣ್ಣ ಒಂದೊಂದಾಗಿ ಕಿತ್ತು ಅಂಗೈ ಮೇಲಿಟ್ಟು ಹುಡುಗನಿಗೆ ತೋರಿಸಿದರು. ಕ್ಲಾಸ್ ಶುರುವಾಗಿದ್ದು ಕಾಲು ಗಂಟೆ ತಡವಾಗಿ.