ಬೇರೆ ದೇಶದವರ ಮಧ್ಯೆ ಕೂತರೆ ರಷ್ಯನ್ ಬರುತ್ತಾ?

ರಷ್ಯಾಕ್ಕೆ ಓದಲು ಹೊರಟ ಮಕ್ಕಳೂ ಅವರ ಮನೆಯವರೂ ತಪ್ಪದೆ ಕೇಳುವ ಪ್ರಶ್ನೆ ಇದು: "ಕ್ಲಾಸಿನಲ್ಲಿ ಚೀನಾದವರು, ಅರಬರು, ಆಫ್ರಿಕಾದವರು ಎಲ್ಲಾ ಇರ್ತಾರಂತೆ. ಅವರಿಗೂ ರಷ್ಯನ್ ಬರಲ್ಲ, ನಮಗೂ ಬರಲ್ಲ. ಕಲಿಯೋದು ಹೇಗೆ? ರಷ್ಯನ್ನರ ಜೊತೆಗೇ ಕೂರಿಸಿದ್ರೆ ಬೇಗ ಬರಲ್ವಾ?"

ಬರುವುದಿಲ್ಲ. ರಷ್ಯನ್ನರ ತರಗತಿಯಲ್ಲಿ ಮೊದಲ ವರ್ಷ ಸುಮ್ಮನೆ ಕೂತಿರಬೇಕಾಗುತ್ತದೆ. ನಿಮ್ಮ ಭಾಷೆಯೂ ಇಂಗ್ಲಿಷೂ ಬಾರದ ಸಹಪಾಠಿ ಪಕ್ಕದಲ್ಲಿದ್ದರೆ, ಇಬ್ಬರ ನಡುವೆ ಉಳಿಯುವುದು ರಷ್ಯನ್ ಒಂದೇ. ವಿಯೆಟ್ನಾಂ, ಕಾಂಗೋ, ಈಕ್ವಡಾರ್ ಕಡೆಯವರು ರೂಮಿಗೆ ಬಂದರೆ ಅದನ್ನು ಭಾಗ್ಯವೆಂದೇ ತಿಳಿಯಿರಿ.

ವಿದೇಶಿಯರು ಮೊದಲು ಸೇರುವ ಪೂರ್ವಸಿದ್ಧತಾ ವಿಭಾಗಕ್ಕೆ ಅಲ್ಲಿ ಎಲ್ಲರೂ 'ಪದ್‌ಫಾಕ್' ಎನ್ನುತ್ತಾರೆ. ಮಿಶ್ರ ತರಗತಿಗೆಂದೇ ರೂಪುಗೊಂಡ ವ್ಯವಸ್ಥೆ ಇದು. ಮಾಸ್ಕೋದ ಜನಮೈತ್ರಿ ವಿಶ್ವವಿದ್ಯಾಲಯ 1960ರಲ್ಲಿ ಹುಟ್ಟಿದ್ದು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗಳಿಗಾಗಿ. 1966ರಲ್ಲಿ ಆರಂಭವಾದ ಪುಷ್ಕಿನ್ ಸಂಸ್ಥೆಯ ಮುಖ್ಯ ಕೆಲಸವೇ ವಿದೇಶಿಯರಿಗೆ ರಷ್ಯನ್ ಕಲಿಸುವುದು. ಹೀಗಾಗಿ ಮೇಷ್ಟ್ರು ಅನುವಾದ ಮಾಡಿ ಹೇಳುವುದಿಲ್ಲ. ಮೊದಲ ದಿನದಿಂದಲೇ ರಷ್ಯನ್ನಿನಲ್ಲಿ, ಚಿತ್ರ ತೋರಿಸಿ, ಕೈಸನ್ನೆ ಮಾಡಿ, ಅದೇ ವಾಕ್ಯವನ್ನು ಹತ್ತು ಬಾಯಲ್ಲಿ ಹೇಳಿಸಿ ಕಲಿಸುತ್ತಾರೆ. ಒಂದು ಪಾಠಕ್ಕೆ 'ಪಾರಾ' ಎಂದು ಹೆಸರು, ಸಾಮಾನ್ಯವಾಗಿ 90 ನಿಮಿಷ. ದಿನಕ್ಕೆ ಎರಡು ಮೂರು ಪಾರಾ, ಮೇಲೆ ಮನೆಪಾಠ. ಒಂದು ವಾರ ತಪ್ಪಿಸಿಕೊಂಡರೆ ಒಂದಿಡೀ ವಿಭಕ್ತಿ ಕೈತಪ್ಪಿ ಹೋಗಿರುತ್ತದೆ.

ಹೋಗುವ ಮುಂಚೆ 33 ಅಕ್ಷರಗಳನ್ನು ಅಚ್ಚಿನಲ್ಲಷ್ಟೇ ಅಲ್ಲ, ಕೂಡುಬರಹದಲ್ಲೂ ಕಲಿತಿರಬೇಕು. ಬೋರ್ಡಿನ ಮೇಲೆ ಬರೆಯುವುದು ಕೂಡುಬರಹವನ್ನೇ. ಅದರಲ್ಲಿ 'ತ' ಅಕ್ಷರ ಇಂಗ್ಲಿಷಿನ ಎಂ ಥರ, 'ದ' ಜಿ ಥರ, 'ಇ' ಯು ಥರ ಕಾಣುತ್ತದೆ. ಅಚ್ಚಿನ ಅಕ್ಷರ ಮಾತ್ರ ಗೊತ್ತಿದ್ದವರು ಮೊದಲ ವಾರ ಬೋರ್ಡು ಓದಲಾಗದೆ ಹಿಂದೆ ಬೀಳುತ್ತಾರೆ. ಇನ್ನೊಂದು ಮಾತು: ನೋಟ್ಸಿನಲ್ಲಿ ರಷ್ಯನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಡಿ. 'ಬ್ರಾತ್' ಎಂದರೆ ಸಹೋದರ. ಕೊನೆಯ 'ತ್' ಮೃದುವಾದರೆ, ಅಂದರೆ ಅದಕ್ಕೆ 'ಯ್' ಛಾಯೆ ಬಂದರೆ, ಅದೇ ಪದ 'ತೆಗೆದುಕೊಳ್ಳುವುದು' ಆಗುತ್ತದೆ. ಈ ಕಠಿಣ-ಮೃದು ಭೇದ ನಮ್ಮ ಲಿಪಿಯಲ್ಲಿ ನಿಲ್ಲುವುದಿಲ್ಲ.

ಕನ್ನಡದವರಿಗೆ ಇಲ್ಲಿ ದೊಡ್ಡ ಅನುಕೂಲವೊಂದಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ರಷ್ಯನ್ನನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೋಗಿ ಕಷ್ಟ ಮಾಡಿಕೊಳ್ಳುತ್ತಾರೆ. 'ಉ ಮೆನ್ಯಾ ಯೆಸ್ತ್ ಕ್ನೀಗಾ' ಎಂದರೆ ನನ್ನ ಹತ್ತಿರ ಪುಸ್ತಕ ಇದೆ. ರಚನೆಯೂ ಹೆಚ್ಚುಕಡಿಮೆ ಹಾಗೇ. 'ನನಗೆ ಚಳಿ', 'ನನಗೆ ಇಪ್ಪತ್ತು ವರ್ಷ' ಎನ್ನುವಾಗ ನಾವು ಚತುರ್ಥಿ ಹಾಕುವಂತೆ ಅವರೂ ಹಾಕುತ್ತಾರೆ. 'ಇದು ಪುಸ್ತಕ' ಎನ್ನಲು ನಮ್ಮಂತೆಯೇ ಅವರಿಗೂ ಕ್ರಿಯಾಪದ ಬೇಡ. ಆರು ವಿಭಕ್ತಿ ಎಂದ ಕೂಡಲೇ ಬೆದರುವ ಅಗತ್ಯ ನಮಗಿಲ್ಲ.

ಎಡವುವುದು ಬೇರೆ ಕಡೆ. ಕನ್ನಡದಲ್ಲಿ ಮೇಜು, ಕಿಟಕಿ, ಪುಸ್ತಕ ಎಲ್ಲವೂ ನಪುಂಸಕ. ರಷ್ಯನ್ನಿನಲ್ಲಿ ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕ. ಆದ್ದರಿಂದ ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡದೆ 'ನನ್ನ' ಸೇರಿಸಿ ಕಲಿಯಿರಿ: ಮೋಯ್ ಸ್ತೋಲ್, ಮಯಾ ಕ್ನೀಗಾ, ಮಯೋ ಅಕ್ನೋ. ಉಚ್ಚಾರದಲ್ಲಿ ನಮ್ಮವರ ತಪ್ಪು ಎರಡು. ಇಂಗ್ಲಿಷಿನ ಅಭ್ಯಾಸದಿಂದ ಟ, ಡ ಎನ್ನುವುದು ಒಂದು; ಬೇಕಾದದ್ದು ನಮ್ಮದೇ ತ, ದ. ಪದದ ಕೊನೆಗೆ 'ಉ' ಸೇರಿಸುವುದು ಇನ್ನೊಂದು. ಬ್ರೆಡ್ಡಿಗೆ ಅವರು ಬರೆಯುವುದು 'ಹ್ಲೆಬ್', ಹೇಳುವುದು 'ಹ್ಲೆಪ್'. 'ಹ್ಲೆಬು' ಎಂದರೆ ವಿಭಕ್ತಿಯೇ ಬದಲಾಗುತ್ತದೆ.

ಮಿಶ್ರ ತರಗತಿಯ ನಿಜವಾದ ಅಪಾಯ ಹಾಸ್ಟೆಲಿನ ಅಡುಗೆಮನೆಯಲ್ಲಿದೆ. ಹಾಲು ಹಾಕಿದ ಚಹಾಕ್ಕೆ 'ಚಾಯ್ ಸ್ ಮಲಕೋಮ್' ಎನ್ನಬೇಕು. 'ಚಾಯ್ ಮಲಕೋ' ಎಂದರೂ ಅಲ್ಲಿರುವ ನಾಲ್ಕು ದೇಶದವರಿಗೆ ಅರ್ಥವಾಗುತ್ತದೆ, ಯಾರೂ ತಿದ್ದುವುದಿಲ್ಲ. ಆರು ತಿಂಗಳಲ್ಲಿ ಮಾತು ಸರಾಗ, ವಿಭಕ್ತಿ ಶೂನ್ಯ ಎಂಬಂಥ ರಷ್ಯನ್ ನಾಲಿಗೆಯಲ್ಲಿ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಪರಿಹಾರ ಸರಳ: ದಿನಾ ರಾತ್ರಿ, ಆ ದಿನ ನಿಜವಾಗಿ ಆಡಿದ ಐದು ವಾಕ್ಯಗಳನ್ನು ಬರೆದು, ಮರುದಿನ ಮೊದಲ ಪಾರಾಕ್ಕೆ ಮುಂಚೆ ಟೀಚರಿಗೆ ತೋರಿಸಿ. (ಅವರನ್ನು 'ಮೇಡಂ' ಎನ್ನುವ ರೂಢಿ ಅಲ್ಲಿಲ್ಲ. ಹೆಸರಿನ ಜೊತೆ ತಂದೆಯ ಹೆಸರಿನಿಂದಾದ ರೂಪ ಸೇರಿಸಿ ಕರೆಯಬೇಕು, ಬಹುವಚನದಲ್ಲಿ ಮಾತಾಡಿಸಬೇಕು.)

ಟೀಚರುಗಳು ಬಿಡಿಸಿ ಬಿಡಿಸಿ ಮಾತಾಡುವುದರಿಂದ ಕಿವಿಗೂ ತೊಂದರೆಯಿದೆ. ಅಂಗಡಿಯ ಕ್ಯಾಷಿಯರ್ 'ಪಕ್ಯೇತ್ ನೂಝೆನ್?' ಎಂದು ಒಂದೇ ಉಸಿರಿಗೆ ಕೇಳಿದರೆ, ಚೀಲ ಬೇಕಾ ಎಂಬ ಅಷ್ಟೇ ಮಾತು ತಿಳಿಯುವುದಿಲ್ಲ. ವಾರಕ್ಕೆರಡು ಸಲವಾದರೂ ಸಂತೆ, ಗ್ರಂಥಾಲಯ, ಕ್ರೀಡಾಂಗಣದಲ್ಲಿ ಸ್ಥಳೀಯರ ಜೊತೆ ಮಾತಾಡಬೇಕು. ತರಗತಿಯಲ್ಲಿ ಸರ್ಬಿಯಾ, ಬಲ್ಗೇರಿಯಾದವರಿದ್ದರೆ ಅವರ ವೇಗ ನೋಡಿ ಎದೆಗುಂದಬೇಡಿ. ಅವರದು ಸೋದರ ಭಾಷೆ.

ರಷ್ಯನ್ ಮಾಧ್ಯಮದ ಪದವಿಗೆ ಸೇರಲು ಸಾಮಾನ್ಯವಾಗಿ ಬೇಕಾದದ್ದು ಟಿಆರ್‌ಕೆಐ, ಅಂದರೆ ವಿದೇಶಿಯರಿಗಾಗಿ ಇರುವ ರಷ್ಯನ್ ಭಾಷಾ ಪರೀಕ್ಷೆಯ ಮೊದಲ ಹಂತ (ಯುರೋಪಿನ ಭಾಷಾ ಮಟ್ಟಗಳ ಲೆಕ್ಕದಲ್ಲಿ ಬಿ1): ಸುಮಾರು 2,300 ಪದ. ವ್ಯಾಕರಣ, ಓದು, ಆಲಿಕೆ, ಬರಹ, ಮಾತು ಹೀಗೆ ಐದು ಭಾಗ, ಸಾಮಾನ್ಯವಾಗಿ ಪ್ರತಿಯೊಂದರಲ್ಲೂ 66% ಬೇಕು. ಮಾತಿನಲ್ಲಿ ಗಳಿಸಿದ್ದು ವ್ಯಾಕರಣದಲ್ಲಿ ಕಳೆದದ್ದನ್ನು ತುಂಬುವುದಿಲ್ಲ.

ಕರ್ನಾಟಕದಿಂದ ಎಂಬಿಬಿಎಸ್‌ಗೆ ಹೋಗುವವರದು ಇದಕ್ಕೆ ತಿರುಗಾಮುರುಗಾ ಸ್ಥಿತಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕೋರ್ಸು ಇಂಗ್ಲಿಷ್ ಮಾಧ್ಯಮದ್ದೇ ಆಗಿರಬೇಕು. ಹಾಗಾಗಿ ತರಗತಿಯಲ್ಲೂ ಹಾಸ್ಟೆಲಿನಲ್ಲೂ ಬಹುಪಾಲು ನಮ್ಮವರೇ ಇರುತ್ತಾರೆ, ರಷ್ಯನ್ ಪಕ್ಕದ ವಿಷಯವಾಗಿ ಉಳಿಯುತ್ತದೆ. ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟಾಗ ರೋಗಿ ಇಂಗ್ಲಿಷ್ ಮಾತಾಡುವುದಿಲ್ಲ. ಅಂಥವರು ಮೊದಲ ವರ್ಷವೇ ಬೇರೆ ದೇಶದವರ ರೂಮು ಕೇಳಿ ಪಡೆಯಲಿ. 'ಎಲ್ಲಿ ನೋವು' ಎಂದು ಕೇಳಲು ಎಲ್ಲರೂ ಕಲಿಯುತ್ತಾರೆ. ಕಲಿಯಬೇಕಾದದ್ದು ರೋಗಿ ಕೊಡುವ ಉತ್ತರವನ್ನು. ಕೋಲೆತ್ ಎಂದರೆ ಚುಚ್ಚುತ್ತದೆ, ನೋಯೆತ್ ಎಂದರೆ ಸಣ್ಣಗೆ ನೋಯುತ್ತಲೇ ಇರುತ್ತದೆ, ದಾವಿತ್ ಎಂದರೆ ಒತ್ತಿದಂತಾಗುತ್ತದೆ, ಝ್ಝೋತ್ ಎಂದರೆ ಉರಿಯುತ್ತದೆ. ಎದೆನೋವಿನವರ ಮುಂದೆ ಈ ನಾಲ್ಕರ ವ್ಯತ್ಯಾಸ ತಿಳಿಯದೆ ನಿಲ್ಲಬಾರದು.