0.69 ಸಿಕ್ಕಿತು, ಕಣ ಸಿಗಲಿಲ್ಲ

ಸುತ್ತಳತೆ 4, 6, 8, 10. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಕ್ವಾಂಟಮ್ ಮಾಡೆಲ್‌ನ ನಾಲ್ಕು ಸಿಲಿಂಡರ್, ಪ್ರತಿಯೊಂದರ ಎರಡು ಅರ್ಧಗಳ ನಡುವಿನ ಕ್ವಾಂಟಮ್ ನಂಟನ್ನು ಅಳೆಯುವ ನಾಲ್ಕು ಎಂಟ್ರೋಪಿ. ಫಿಟ್ ಗೆರೆಯನ್ನು ಸೊನ್ನೆ ಸುತ್ತಳತೆಗೆ ಎಳೆದಾಗ ಅದು ಮೈನಸ್ 0.69ಕ್ಕೆ ಹೋಗಿ ನಿಂತಿತು. 2ರ ನ್ಯಾಚುರಲ್ ಲಾಗ್! ಅದೇ ಅಂಕಿ ಕೊಡುವ ಹೆಸರಾಂತ ಕ್ವಾಂಟಮ್ ಫೇಸ್ (ವಸ್ತುವಿನ ಸ್ಥಿತಿ) ಟೋರಿಕ್ ಕೋಡ್. ಅವತ್ತು ರಾತ್ರಿಯೇ ಪೇಪರ್‌ನ ಡ್ರಾಫ್ಟ್‌ಗೆ ‘ಟೋರಿಕ್ ಕೋಡ್ ಫೇಸ್’ ಎಂದು ಶೀರ್ಷಿಕೆ ಕೊಟ್ಟೆ.

ಗ್ರೂಪ್ ಮೀಟಿಂಗ್‌ನಲ್ಲಿ ಆ ಸ್ಲೈಡ್ ಬಂತು. ಭೌತವಿಜ್ಞಾನಿಗಳಾದ ಕಿಟಾಯೆವ್–ಪ್ರೆಸ್ಕಿಲ್, ಲೆವಿನ್–ವೆನ್ 2006ರಲ್ಲಿ ತೋರಿಸಿದ್ದೇ ಇದು: ಎಂಟ್ಯಾಂಗಲ್‌ಮೆಂಟ್ ಎಂಟ್ರೋಪಿಯಲ್ಲಿ ಗಡಿಯ ಉದ್ದದ ಪಾಲನ್ನು ಕಳೆದರೆ ಉಳಿಯುವ ಗಾಮಾ, ಲಾಗ್ ಡಿ. ಒಳಗೆ ಯಾವ ಎನಿಯಾನ್‌ಗಳಿವೆ (ಎರಡು ಆಯಾಮದಲ್ಲಷ್ಟೇ ಇರಬಲ್ಲ ವಿಚಿತ್ರ ಕಣಗಳು) ಎಂಬುದರ ಸುಳಿವು ಆ ಡಿ: ಪ್ರತಿ ಎನಿಯಾನ್‌ಗೂ ಇರುವ ‘ಕ್ವಾಂಟಮ್ ಡೈಮೆನ್ಶನ್’ ಎಂಬ ಅಂಕಿಗಳ ವರ್ಗಗಳನ್ನು ಕೂಡಿಸಿ ತೆಗೆದ ವರ್ಗಮೂಲ. ಹಿಂದಿನ ಸಾಲಿನಿಂದ ಮೊದಲ ವರ್ಷದ ಹುಡುಗಿ ಕೇಳಿದಳು, “ಡಬಲ್ ಸೆಮಿಯಾನ್ ಅನ್ನೋ ಇನ್ನೊಂದು ಫೇಸ್‌ಗೂ ಡಿ ಎರಡೇ ಅಲ್ವಾ ಸರ್?”

“ಈ ಮಾಡೆಲ್‌ನಲ್ಲಿ ಅದು ಬರೋದಿಲ್ಲ” ಅಂದೆ, ಥಟ್ಟನೆ.

“ಯಾಕೆ ಬರೋದಿಲ್ಲ?” ಎಂದರು ಮೇಡಂ.

ನನ್ನ ಬಳಿ ಉತ್ತರ ಇರಲಿಲ್ಲ. ಎರಡೂ ಫೇಸ್‌ಗಳಲ್ಲಿ ನಾಲ್ಕು ಎನಿಯಾನ್, ಪ್ರತಿಯೊಂದರ ಕ್ವಾಂಟಮ್ ಡೈಮೆನ್ಶನ್ 1, ನಾಲ್ಕರ ವರ್ಗಮೂಲ 2. ಬೋರ್ಡಿನ ಮೇಲೆ ಬರೆಯುತ್ತ ಹೋದಂತೆ ನನ್ನ ಶೀರ್ಷಿಕೆ ನನ್ನೆದುರೇ ಕುಸಿಯಿತು. ಯಾರೂ ಮಾತಾಡಲಿಲ್ಲ. ಆ ಎರಡು ನಿಮಿಷ ಈಗ ನೆನೆದರೂ ಎದೆ ಬಿಗಿಯುತ್ತದೆ. ಗೊತ್ತಿಲ್ಲದ್ದಕ್ಕಿಂತ, ಗೊತ್ತಿದೆಯೆಂದು ಅವಳ ಮಾತನ್ನು ತಳ್ಳಿಹಾಕಿದ್ದೇ ಹೆಚ್ಚು ನೋಯಿಸುತ್ತದೆ.

ವ್ಯತ್ಯಾಸ ಟೋಪಲಾಜಿಕಲ್ ಸ್ಪಿನ್‌ನಲ್ಲಿದೆ, ಅಂದರೆ ಎನಿಯಾನ್ ಒಂದು ಪೂರ್ತಿ ಸುತ್ತು ತಿರುಗಿದಾಗ ವೇವ್‌ಫಂಕ್ಷನ್‌ಗೆ (ವ್ಯವಸ್ಥೆಯ ಇಡೀ ಕ್ವಾಂಟಮ್ ಸ್ಥಿತಿಗೆ) ಸೇರುವ ಕೋನದಲ್ಲಿ. ಟೋರಿಕ್ ಕೋಡ್‌ನಲ್ಲಿ ಈ ಕೋನ 0 ಇಲ್ಲವೇ 180 ಡಿಗ್ರಿ. ಸೆಮಿಯಾನ್‌ಗಳಿಗೆ 90 ಮತ್ತು ಮೈನಸ್ 90. ಅರ್ಧ ಸಿಲಿಂಡರನ್ನು ಒಂದು ಸೈಟ್ ತಿರುಗಿಸಿ, ಮೂಲ ವೇವ್‌ಫಂಕ್ಷನ್ ಜೊತೆ ಓವರ್‌ಲ್ಯಾಪ್ ತೆಗೆದರೆ ಅದು ಸಿಗುತ್ತದೆ. ಆದರೆ ವೇವ್‌ಫಂಕ್ಷನ್ ಎಲ್ಲಿ? ಡಿಸ್ಕ್ ಕೋಟಾ ಮುಗಿಯಿತೆಂಬ ಮೇಲ್ ಬಂದಾಗ ಎಂಟ್ರೋಪಿಯ ಅಂಕಿಗಳನ್ನಷ್ಟೇ ಇಟ್ಟುಕೊಂಡು ಉಳಿದಿದ್ದನ್ನೆಲ್ಲ ನಾನೇ ಅಳಿಸಿದ್ದೆ. ತಿಂಗಳುಗಟ್ಟಲೆ ಓಡುವ ಲೆಕ್ಕಕ್ಕೆ ಅಷ್ಟು ಸಣ್ಣ ಕೋಟಾ ಕೊಡುವುದು ತಪ್ಪು, ಇದನ್ನು ಕ್ಲಸ್ಟರ್ ನೋಡಿಕೊಳ್ಳುವವರಿಗೆ ಬರೆದೂ ಇದ್ದೇನೆ. ಹಾಗಂತ ಏನನ್ನು ಉಳಿಸಬೇಕೆಂದು ತೀರ್ಮಾನಿಸಿದವನು ನಾನೇ.

ಮತ್ತೆ ಡಿಎಂಆರ್‌ಜಿ (ಆ ವೇವ್‌ಫಂಕ್ಷನ್ ಹುಡುಕುವ ಕಂಪ್ಯೂಟರ್ ವಿಧಾನ), ಮತ್ತೆ ಕ್ಲಸ್ಟರ್‌ನ ಕ್ಯೂ. ಸುತ್ತಳತೆ 10ರ ರನ್, ನಿಖರತೆ ಹೆಚ್ಚಿಸಲು ಬಾಂಡ್ ಡೈಮೆನ್ಶನ್ ಏರಿಸುತ್ತಿದ್ದಂತೆ, ಮೆಮೊರಿ ಸಾಲದೆ ಎರಡು ಸಲ ಸತ್ತಿತು. ಈ ಸಲ ಬೇರೆ ಬೇರೆ ಅಂಚು ಕಟ್ಟಿ, ಒಂದೊಂದು ಎನಿಯಾನ್ ಸೆಕ್ಟರ್‌ನ (ಒಂದೊಂದು ಬಗೆಯ ಎನಿಯಾನ್‌ಗೆ ಸೇರಿದ) ಸ್ಥಿತಿಯನ್ನೂ ಉಳಿಸಿದೆ. ಐದು ವಾರದ ಮೇಲೆ ಒಂದು ಸೆಕ್ಟರ್‌ನ ಕೋನ 90ರ ಹತ್ತಿರ ಬಂದು ನಿಂತಿತು, ಇನ್ನೊಂದರದು ಮೈನಸ್ 90ರ ಹತ್ತಿರ.

ಹಳೆಯ ಶೀರ್ಷಿಕೆ ಅಳಿಸಿದೆ. ಆ ಹುಡುಗಿಯ ಹೆಸರು ಈಗ ಪೇಪರ್‌ನ ಲೇಖಕರ ಸಾಲಿನಲ್ಲಿದೆ.